ಕುಮಾರಿ ಎಮ್ಮಿ ನೋಥರ್

ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗುವ ಅರ್ಹತೆಯನ್ನು ಪಡೆದೂ ಆ ಕೆಲಸವನ್ನು ಹಿಡಿಯದೆ, ಬೀಜಗಣಿತದ ರೂಪವನ್ನೇ ಮಾರ್ಪಡಿಸಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡಲು ಅಪೇಕ್ಷಿಸುತ್ತೇವೆ.

ಎಮ್ಮಿ ನೋಥರ್ 1882ನೆಯ ಇಸವಿ ಮಾರ್ಚ್ 23ರಂದು ಜರ್ಮನಿ ದೇಶದ ಎರ್ಲಾಂಗೆನ್ ಪಟ್ಟಣದಲ್ಲಿ, ಒಂದು ಯೆಹೂದ್ಯ ಕುಟುಂಬದಲ್ಲಿ ಜನಿಸಿದಳು. ತಂದೆಯು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. 1900ರಲ್ಲಿ ಈಕೆಯು ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳನ್ನು ಕಲಿಸುವವರ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದಳು. ಜೀವನಕ್ಕೆ ಭದ್ರವಾದ ದಾರಿಯು ತೆರೆದಿದ್ದಿತು. ಆದರೆ ಮನಸ್ಸು ಗಣಿತದಲ್ಲಿ ನೆಲೆಸಿದ್ದಿತು. ಸ್ತ್ರೀಯರನ್ನು ಸೇರಿಸಿಕೊಳ್ಳದಿದ್ದ ಆ ವಿಶ್ವವಿದ್ಯಾನಿಲಯದಲ್ಲಿ ಆಕೆಯು ಅಪ್ಪಣೆ ಪಡೆದು ಪಾಠಗಳನ್ನು ಕೇಳುತ್ತ ಕುಳಿತಳು. ನಿಯಮವು ಬದಲಾದ ಮೇಲೆ 1904ರಲ್ಲಿ ಸೇರಿ, 1907ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ತರುವಾಯ ಸುಮಾರು ಏಳು ವರ್ಷ ಸಂಬಳವಿಲ್ಲದೆ ದುಡಿದಳು. 1915ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನ್ ಎಂಬ ಮಹಾಪಂಡಿತರು ಗಾಟಿಂಗೆನ್‌ಗೆ ಕರೆಯಿಸಿಕೊಂಡರೂ, ಸ್ತ್ರೀಯೆಂಬ ಕಾರಣದಿಂದ ಅಧ್ಯಾಪಕಳ ಅಧಿಕಾರವು 1919ರ ವರೆಗೆ ದೊರೆಯಲಿಲ್ಲ. ಅಲ್ಲಿಯ ತನಕ ಹಿಲ್ಬರ್ಟರ ಹೆಸರಿನಲ್ಲಿ ಪ್ರಕಟವಾದ ಪಾಠಗಳನ್ನು ಈಕೆಯು ಹೇಳುತ್ತಿದ್ದಳು.

1921ರಲ್ಲಿ ಆಕೆಯು ಐಡಿಯಲ್ ಎಂಬ ಸಂಖ್ಯಾಸಮೂಹಗಳ ಕುರಿತು ಬರೆದ ಪ್ರಬಂಧವು ಚಿರಸ್ಥಾಯಿಯಾಯಿತು. 24ರ ಅಪವರ್ತ್ಯಗಳೆಲ್ಲವೂ 12ರ ಅಪವರ್ತ್ಯಗಳಲ್ಲಿ ಅಡಗಿವೆ; 12ರವು 6ರವುಗಳಲ್ಲಿ, 6ರವು 3ರವುಗಳಲ್ಲಿ; ಕಡೆಗೆ ಪೂರ್ಣಾಂಕಗಳೆಲ್ಲವೂ ಬಂದು ಸರಪಳಿಯು ನಿಲ್ಲುತ್ತದೆ. ಇಂತಹ ಸರಪಳಿಯು ತಪ್ಪದೆ ನಿಲ್ಲುವುದೆಂಬ ಒಂದೇ ಗುಣದಿಂದ ಎಷ್ಟೋ ಪ್ರಮೇಯಗಳು ಹೊರಡುವವೆಂದು ಆಕೆಯು ತೋರಿಸಿದಳು.

1933ರಲ್ಲಿ ನಾಜಿ ಸರಕಾರವು ಯೆಹೂದ್ಯಳೆಂದು ಆಕೆಯನ್ನು ಕೆಲಸದಿಂದ ತೆಗೆಯಿತು. ಅಮೆರಿಕದ ಬ್ರಿನ್ ಮಾರ್ ಎಂಬ ಸ್ತ್ರೀಯರ ಕಾಲೇಜು ಆಶ್ರಯವನ್ನಿತ್ತಿತು. ಅಲ್ಲಿ 1935ನೆಯ ಏಪ್ರಿಲ್ 14ರಂದು, ಶಸ್ತ್ರಚಿಕಿತ್ಸೆಯ ತರುವಾಯ, 53ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಆಕೆಯು ಉತ್ತ ಹೊಲದಲ್ಲಿ ಇನ್ನೂ ಬೆಳೆಯುಂಟು. 1993ರಲ್ಲಿ ಐಸೆನ್‌ಬಡ್, ಗ್ರೀನ್, ಹ್ಯಾರಿಸ್ ಎಂಬ ಮೂವರು ಬಹುಪದಗಳ ಐಡಿಯಲ್‌ಗಳನ್ನು ಕುರಿತು ಒಂದು ಊಹೆಯನ್ನು ಮುಂದಿಟ್ಟರು. ನಿಯತಶ್ರೇಣಿಯೊಂದನ್ನು ಒಳಗೊಂಡ ಐಡಿಯಲ್ ಎಷ್ಟೇ ಜಟಿಲವಾಗಿದ್ದರೂ, ಪ್ರತಿಯೊಂದು ಘಾತದಲ್ಲಿಯೂ ಅದರಷ್ಟೇ ಪ್ರಮಾಣವುಳ್ಳ, ಚರರಾಶಿಗಳ ಘಾತಗಳನ್ನು ಒಳಗೊಂಡ ಸರಳವಾದ ಇನ್ನೊಂದು ಇದ್ದೇ ಇರುವುದೆಂಬುದು ಅದರ ತಾತ್ಪರ್ಯ. ಕೆಲವು ಸಂದರ್ಭಗಳಲ್ಲಿ ಅದು ಸಿದ್ಧವಾಗಿದೆ, ಸರ್ವತ್ರ ಸಿದ್ಧವಾಗಿಲ್ಲ. ಉತ್ತರ ಹೇಳುವವರು ಗಂಡೋ ಹೆಣ್ಣೋ ಎಂದು ಆ ಪ್ರಶ್ನೆಯು ಕೇಳುವುದಿಲ್ಲ.

ಉಪಾಧ್ಯಾಯಿನಿಯ ವೃತ್ತಿಯನ್ನು ನಾವು ಕಿರಿದೆಂದೆಣಿಸುವವರಲ್ಲ. ಅದೇ ನಮ್ಮ ಅನ್ನವೂ ಆನಂದವೂ ಆಗಿದೆ. ಆದರೂ ಭದ್ರವಾದ ದಾರಿಯೊಂದು ಸಿಕ್ಕಿತೆಂದು ಮಗಳ ಮನಸ್ಸು ಹೋಗುವ ಮತ್ತೊಂದು ದಾರಿಯನ್ನು ಮುಚ್ಚಬಾರದೆಂದು ತಾಯಿತಂದೆಗಳನ್ನು ಬೇಡಿಕೊಳ್ಳುತ್ತೇವೆ.