ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ

ನೆಲದ ಮೇಲೆ ಕಾದುವ ಯೋಧನಿಗೆ ವೈರಿ ಎದುರಿಗೆ ಕಾಣುತ್ತಾನೆ. ಕಡಲಿನ ಯೋಧನಿಗೆ ಎಲ್ಲ ವೇಳೆಯಲ್ಲಿಯೂ ಆ ಅನುಕೂಲವಿರುವುದಿಲ್ಲ. ಜಲಾಂತರ್ಗಾಮಿ ನೌಕೆಯು ನೀರಿನ ಆಳದಲ್ಲಿ ಅಡಗಿ, ಹೊಂಚುಹಾಕಿ, ಹಡಗಿನ ಒಡಲಿಗೆ ಟಾರ್ಪೆಡೊ ಬಿಡುತ್ತದೆ. ಅಂಥ ವೈರಿಯನ್ನು ಅರಸುತ್ತ ಹೋಗಿ, ತಮ್ಮ ಹಡಗಿನೊಂದಿಗೇ ಕಡಲಿನಲ್ಲಿ ಲೀನವಾದ ವೀರರು ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ.

ಮುಲ್ಲಾ ಅವರು 1926ರ ಮೇ 15ರಂದು ಇಂದಿನ ಉತ್ತರ ಪ್ರದೇಶದ ಗೋರಖಪುರದಲ್ಲಿ ಜನಿಸಿದರು. ಅವರ ತಂದೆ ವಕೀಲರು. ಮಗನನ್ನು ಸೆಳೆದದ್ದು ಕಡಲು. 1946ರಲ್ಲಿ ನೌಕಾದಳವನ್ನು ಸೇರಿದ ಅವರು 1948ರಲ್ಲಿ ಅಧಿಕಾರಿಯಾದರು. 'ರಾಣಾ' ಎಂಬ ಯುದ್ಧನೌಕೆಯ ನಾಯಕತ್ವ ವಹಿಸಿದರು. ಲಂಡನ್ನಿನ ಭಾರತೀಯ ಹೈಕಮಿಷನ್ ಕಚೇರಿಯಲ್ಲಿಯೂ ಸೇವೆ ಸಲ್ಲಿಸಿದರು. ಅನಂತರ 'ಖುಕ್ರಿ' ನೌಕೆಯ ಹೊಣೆ ಅವರದಾಯಿತು.

ಇಂಗ್ಲೆಂಡಿನಲ್ಲಿ ನಿರ್ಮಾಣಗೊಂಡು 1958ರಲ್ಲಿ ನಮ್ಮ ನೌಕಾದಳವನ್ನು ಸೇರಿದ ಖುಕ್ರಿ, ಫ್ರಿಗೇಟ್ ವರ್ಗದ ಹಡಗು. ಖುಕ್ರಿ, ಕೃಪಾಣ, ಕುಠಾರ ಎಂದು ಆಯುಧಗಳ ಹೆಸರು ಹೊತ್ತ ಮೂರು ಸೋದರ ನೌಕೆಗಳಲ್ಲಿ ಅದೊಂದು. ಸುಮಾರು 94 ಮೀಟರು ಉದ್ದದ ಈ ನೌಕೆಯನ್ನು ಮುಖ್ಯವಾಗಿ ಜಲಾಂತರ್ಗಾಮಿಗಳ ಬೇಟೆಗೆಂದೇ ರೂಪಿಸಲಾಗಿತ್ತು. ವಿಮಾನಗಳನ್ನು ಎದುರಿಸಲು ಅದರಲ್ಲಿ ಸಣ್ಣ ಫಿರಂಗಿಗಳಿದ್ದವು. ಅದರ ಮುಖ್ಯ ಆಯುಧಗಳೆಂದರೆ ಮೂರು ಮೂರು ನಳಿಗೆಗಳ ಎರಡು ಮಾರ್ಟರುಗಳು. ಇವು ನೀರಿನೊಳಗೆ ಸಿಡಿಯುವ ಬಾಂಬುಗಳನ್ನು ಸುಮಾರು 900 ಮೀಟರು ದೂರಕ್ಕೆ ಎಸೆಯುತ್ತಿದ್ದವು.

ಆದರೆ ಕಾಣದ ವೈರಿಯನ್ನು ಗುರುತಿಸುವುದು ಹೇಗೆ? ಗೋಕಾಕದ ಬಳಿಯ ಧುಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡಿನ ಹಿನ್ನೀರಿನಲ್ಲಿ ಮುಳುಗಿದವನಿಗೆ, ನೀರೊಳಗೆ ಯಾರಾದರೂ ಎರಡು ಕಲ್ಲುಗಳನ್ನು ಬಡಿದರೆ ಆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನೀರಿನಲ್ಲಿ ಬೆಳಕು ಬಹುದೂರ ಸಾಗದು, ಸದ್ದು ಸಾಗುತ್ತದೆ. ಸೋನಾರ್ ಯಂತ್ರದ ತತ್ತ್ವವೂ ಇದೇ. ಅದು ನೀರಿಗೆ ಧ್ವನಿಯನ್ನು ಕಳಿಸಿ, ಜಲಾಂತರ್ಗಾಮಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಆಲಿಸುತ್ತದೆ. ಧ್ವನಿ ಮರಳಲು ಹಿಡಿದ ವೇಳೆಯಿಂದ ದೂರ ತಿಳಿಯುತ್ತದೆ. ಆದರೆ ಬೆಚ್ಚನೆಯ ಕಡಲಿನಲ್ಲಿ ಮೇಲಿನ ನೀರೂ ಆಳದ ನೀರೂ ಒಂದೇ ಉಷ್ಣತೆಯಲ್ಲಿರುವುದಿಲ್ಲ. ಆಗ ಧ್ವನಿಯ ದಾರಿ ಬಾಗಿ, ಯಂತ್ರದ ಕಿವಿ ಮಂದವಾಗುತ್ತದೆ.

1971ರ ಡಿಸೆಂಬರಿನಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧ ಆರಂಭವಾಯಿತು. ಪಾಕಿಸ್ತಾನದ 'ಹಂಗೋರ್' ಎಂಬ ಜಲಾಂತರ್ಗಾಮಿಯು ಸೌರಾಷ್ಟ್ರದ ಕರಾವಳಿಯ ಬಳಿ ಸುಳಿದಾಡುತ್ತಿತ್ತು. ಅದನ್ನು ಹುಡುಕಲು ಖುಕ್ರಿ ಮತ್ತು ಕೃಪಾಣ ಮುಂಬಯಿಯಿಂದ ಹೊರಟವು. ಫ್ರಾನ್ಸಿನಲ್ಲಿ ನಿರ್ಮಿಸಿದ ಹಂಗೋರ್ ಹೊಸದು. ಅದರ ಸೋನಾರ್ ಖುಕ್ರಿಯದಕ್ಕಿಂತ ದೂರದ ಸದ್ದನ್ನು ಗ್ರಹಿಸಬಲ್ಲದಾಗಿತ್ತು. ಖುಕ್ರಿಯ ಸೋನಾರಿನ ಶಕ್ತಿಯನ್ನು ಹೆಚ್ಚಿಸುವ ಪ್ರಯೋಗವೊಂದು ಆಗ ನಡೆದಿದ್ದು, ಅದಕ್ಕಾಗಿ ಹಡಗು ನಿಧಾನವಾಗಿ ಸಾಗಬೇಕಾಗಿತ್ತು. ಬೇಟೆಗಾರನು ಹೀಗೆ ತಾನೇ ಬೇಟೆಯಾಗುವ ಅಪಾಯಕ್ಕೆ ಒಳಗಾದನು.

ಡಿಸೆಂಬರ್ 9ರ ರಾತ್ರಿ, ದೀವ್‌ನಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿ ಟಾರ್ಪೆಡೊ ಖುಕ್ರಿಯನ್ನು ಬಡಿಯಿತು. ದೀಪಗಳು ನಂದಿದವು, ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗತೊಡಗಿತು. ಮುಲ್ಲಾ ಅವರು ಹಡಗನ್ನು ತೊರೆಯುವಂತೆ ಸಿಬ್ಬಂದಿಗೆ ಆಜ್ಞೆಯಿತ್ತರು. ತಮ್ಮ ಜೀವರಕ್ಷಕ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟರು. ಕತ್ತಲೆಯಲ್ಲಿ ದಿಕ್ಕುಗಾಣದವರನ್ನು ಹೊರಗೆ ಕಳಿಸುವ ಕಾರ್ಯದಲ್ಲಿ ತೊಡಗಿದರು. ತಮ್ಮವರು ಇನ್ನೂ ಒಳಗಿರುವಾಗ ಪಾರಾಗಲು ಅವರ ಮನಸ್ಸು ಒಪ್ಪಲಿಲ್ಲ. ಅವರೊಂದಿಗೆ ಆ ರಾತ್ರಿ ಮಡಿದ ಅಧಿಕಾರಿಗಳೂ ನಾವಿಕರೂ ಸೇರಿ ಒಟ್ಟು 194 ಮಂದಿ. 67 ಮಂದಿ ಬದುಕುಳಿದರು.

ರಾಷ್ಟ್ರವು ಮುಲ್ಲಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿ ಗೌರವಿಸಿತು. ದೀವ್‌ನ ಕಡಲತಡಿಯಲ್ಲಿ ಮಡಿದವರ ಸ್ಮಾರಕವಿದೆ. ಖುಕ್ರಿಯ ಹೆಸರನ್ನೇ ಹೊತ್ತು ಮುಂಬಯಿಯಲ್ಲಿ ನಿರ್ಮಾಣಗೊಂಡ ಇನ್ನೊಂದು ಹಡಗು 1989ರಿಂದ 2021ರವರೆಗೆ ದೇಶಸೇವೆ ಮಾಡಿತು. ಯುದ್ಧನೌಕೆಗಳ ಸೋನಾರ್ ಯಂತ್ರಗಳು ಇಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿಯೇ ತಯಾರಾಗುತ್ತಿವೆ. ಯಂತ್ರದ ಕೊರತೆಯನ್ನು ವಿಜ್ಞಾನ ತುಂಬಬಲ್ಲದು. ಆದರೆ ತನ್ನನ್ನು ನಂಬಿದವರನ್ನು ಅಪಾಯದ ವೇಳೆಯಲ್ಲಿ ಕೈಬಿಡದ ನಿಷ್ಠೆಯು ಮನುಷ್ಯನಲ್ಲಿಯೇ ಹುಟ್ಟಬೇಕು.