ಕಲಕತ್ತೆಯಲ್ಲಿ ಕಲಿತ ಕನ್ನಡಿಗ: ಚಿತ್ರಕಾರ ಕೆ. ವೆಂಕಟಪ್ಪನವರು

ಬೆಹಾಲಾದ ನಮ್ಮ ಕನ್ನಡ ಕುಟುಂಬಗಳಲ್ಲಿ ಮಕ್ಕಳನ್ನು ಕರೆದುಕೊಂಡು ಚೌರಂಗಿಯ ಮ್ಯೂಸಿಯಮ್ಮಿಗೆ ಹೋಗದವರು ವಿರಳ. ಅದರ ಮಗ್ಗುಲಲ್ಲೇ ಇರುವ ಸರಕಾರಿ ಕಲಾಶಾಲೆಯ ಕಡೆಗೆ ಮಾತ್ರ ನಾವು ಕಣ್ಣು ಹಾಯಿಸುವುದಿಲ್ಲ. ಮೈಸೂರಿನ ತರುಣರೊಬ್ಬರು 1909ರಲ್ಲಿ ಆ ಶಾಲೆಯನ್ನು ಸೇರಿದರು. ಅವರೇ ಕೆ. ವೆಂಕಟಪ್ಪನವರು.

1886ರಲ್ಲಿ ಜನಿಸಿದ ಅವರದು ಅರಮನೆಯ ಚಿತ್ರಗಾರರ ಮನೆತನ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲಕತ್ತೆಗೆ ಬಂದರು. ಅವನೀಂದ್ರನಾಥ ಠಾಕೂರರು ಗುರುಗಳಾಗಿ ದೊರೆತರು. ನಂದಲಾಲ ಬಸು ಒಡನಾಡಿಗಳಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ, ಅದರಲ್ಲಿ ನಮ್ಮ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಇದ್ದವು. ಇಲ್ಲಿಯೇ ನೆಲೆಸಿದ್ದರೆ ವಂಗದೇಶದ ಕಲಾವಿದರ ಸಾಲಿನಲ್ಲಿ ಅವರ ಹೆಸರು ಇನ್ನೂ ಮೆರೆಯುತ್ತಿತ್ತೇನೋ. ಆದರೆ ವ್ಯಾಸಂಗ ಮುಗಿಸಿ 1916ರ ಸುಮಾರಿಗೆ ಮೈಸೂರಿಗೆ ಮರಳಿದರು. ಊರು ಬಿಟ್ಟು ಬಂದ ನಮಗೆ ಈ ಸಂಗತಿ ಸ್ವಲ್ಪ ಚುಚ್ಚುತ್ತದೆ.

ಸ್ವಾರಸ್ಯವೆಂದರೆ, ಪಾಶ್ಚಾತ್ಯರ ಯಥಾರ್ಥ ಚಿತ್ರಣಕ್ಕೆ ಬೆನ್ನು ತಿರುಗಿಸಿದ ಗುರುಗಳ ಶಿಷ್ಯರು ನಿಸರ್ಗದ ಯಥಾರ್ಥಕ್ಕೇ ಒಲಿದರು. ಉದಕಮಂಡಲ ಮತ್ತು ಕೊಡೈಕೆನಾಲ್‌ಗಳಿಗೆ ಹೋಗಿ ಬೆಟ್ಟ, ಸರೋವರ, ಮಳೆಮೋಡ, ಬೆಳದಿಂಗಳುಗಳನ್ನು ಜಲವರ್ಣದಲ್ಲಿ ಬರೆದರು. ದೇವತೆಗಳಿಲ್ಲ, ಕಥೆಯಿಲ್ಲ, ಬರಿಯ ಬೆಳಕು ಮತ್ತು ಮಂಜು. ಮಂಜನ್ನು ಬರೆಯುವುದೆಂದರೆ ಇಲ್ಲದ್ದನ್ನು ಬರೆದಂತೆಯೇ. ಜಲವರ್ಣದಲ್ಲಿ ತಪ್ಪಿದ್ದನ್ನು ತಿದ್ದುವುದೂ ಸುಲಭವಲ್ಲ. ನಮ್ಮ ಮಟ್ಟಿಗೆ ಅವರ ರಾಮಾಯಣದ ಚಿತ್ರಗಳಿಗಿಂತ ಈ ಬೆಟ್ಟಗಳೇ ಹೆಚ್ಚು.

ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಮದುವೆಯಾಗಲಿಲ್ಲ. ತಪ್ಪದೆ ದಿನಚರಿ ಬರೆದಿಡುತ್ತಿದ್ದರು. ಲೆಜರುಗಳ ನಡುವೆಯೇ ಬಾಳುವ ನಮ್ಮಂಥ ಬ್ಯಾಂಕಿನವರಿಗೆ ಇದು ಮೆಚ್ಚಾಗದಿರದು.

ಅರಮನೆಗಾಗಿ ಅವರು ಉಬ್ಬುಶಿಲ್ಪಗಳನ್ನು ರಚಿಸುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು; ಆ ಕೆಲಸವೂ ಮುಂದುವರಿಯಲಿಲ್ಲ. ದುಡಿಮೆಯ ಪ್ರತಿಫಲಕ್ಕಾಗಿ ವೆಂಕಟಪ್ಪನವರು ಅರಮನೆಯ ಮೇಲೆಯೇ ನ್ಯಾಯಾಲಯಕ್ಕೆ ಹೋದರು. ತಲೆಮಾರುಗಳಿಂದ ಅರಮನೆಯ ಅನ್ನ ಉಂಡ ಮನೆತನದವರು ಹೀಗೆ ಮಾಡಬಹುದೇ ಎಂದು ಕೇಳುವವರಿದ್ದಾರು. ಅನ್ನದ ಋಣ ಬೇರೆ, ಕೈಕೆಲಸದ ಬೆಲೆ ಬೇರೆ. ನಾವಂತೂ ಅವರ ಪಕ್ಷ.

ಅನಂತರ ಬೆಂಗಳೂರಿನಲ್ಲಿ ನೆಲೆಸಿ, 1965ರಲ್ಲಿ ನಿಧನರಾದರು. 1970ರ ದಶಕದಲ್ಲಿ ಅವರ ಹೆಸರಿನ ಕಲಾಮಂದಿರ ಕಸ್ತೂರ್ಬಾ ರಸ್ತೆಯಲ್ಲಿ ಎದ್ದಿತು. ಅಲ್ಲಿಯೂ ಅದು ಮ್ಯೂಸಿಯಮ್ಮಿನ ಮಗ್ಗುಲಲ್ಲೇ ಇದೆ.