ಮ್ಯಾನ್‌ಹೋಲಿಗೆ ಇಳಿದ ಗಣಿತದ ಮೇಷ್ಟ್ರು

ನಮ್ಮ ಇ.ಸಿ., ಟೆಲಿಕಾಂ ಬ್ರಾಂಚಿನವರಿಗೆ ಎರ್ಲಾಂಗ್ ಅಂದ್ರೆ ಒಂದು ಯೂನಿಟ್, ಅಷ್ಟೇ. ಪರೀಕ್ಷೆಗೆ ಮುಂಚೆ ಫಾರ್ಮುಲಾ ಉರು ಹೊಡೀತೀವಿ, ಎರಡು ಪ್ರಾಬ್ಲಮ್ ಬಿಡಿಸ್ತೀವಿ, ಮರೆತುಬಿಡ್ತೀವಿ. ವೋಲ್ಟ್, ಆಂಪಿಯರ್‌ಗಳ ಹಿಂದೆ ಮನುಷ್ಯರಿದ್ದ ಹಾಗೆ ಈ ಯೂನಿಟ್ಟಿನ ಹಿಂದೆಯೂ ಒಬ್ಬ ಮನುಷ್ಯ ಇದ್ದರು. ಟೆಲಿಫೋನ್ ಜಾಲಕ್ಕೆ ಆರೋಗ್ಯ ಅಂತ ಒಂದಿದ್ದರೆ ಅದನ್ನು ಅಳೆಯುವುದು ಹೇಗೆ ಎಂದು ಲೋಕಕ್ಕೆ ತೋರಿಸಿಕೊಟ್ಟವರು ಅವರು.

ಅಗ್ನರ್ ಕ್ರಾರುಪ್ ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕಿನ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ಅಪ್ಪ ಊರಿನ ಶಾಲೆಯ ಮೇಷ್ಟ್ರು. ಸಂಜೆ ಹೊತ್ತು ಅಣ್ಣ ತಮ್ಮ ಇಬ್ಬರೂ ಒಂದೇ ಪುಸ್ತಕ ಹಿಡಿದು ಕೂರುತ್ತಿದ್ದರು. ಅಣ್ಣ ನೇರವಾಗಿ ಓದಿದರೆ, ಎದುರಿಗೆ ಕೂತ ಅಗ್ನರ್ ಅದೇ ಪುಟವನ್ನು ತಲೆಕೆಳಗಾಗಿಯೇ ಓದುತ್ತಿದ್ದ. ಹದಿನಾಲ್ಕನೇ ವಯಸ್ಸಿಗೇ ವಿಶೇಷ ಅನುಮತಿ ಪಡೆದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ಪಾಸಾದ. ಆಮೇಲೆ ಎರಡು ವರ್ಷ ಅಪ್ಪನ ಶಾಲೆಯಲ್ಲೇ ಪಾಠ ಹೇಳಿದ. 1901ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಯಿತು. ಮುಂದಿನ ಏಳು ವರ್ಷ ಮತ್ತೆ ಮೇಷ್ಟ್ರ ಕೆಲಸವೇ.

ಬದುಕು ತಿರುಗಿದ್ದು ಗಣಿತ ಸಂಘದ ಸಭೆಗಳಲ್ಲಿ. ಅಲ್ಲಿಗೆ ಯೋಹಾನ್ ಯೆನ್ಸೆನ್ ಬರುತ್ತಿದ್ದರು. ನಾವು ಗಣಿತದಲ್ಲಿ ಓದುವ ಜೆನ್ಸನ್ ಅಸಮತೆಯವರೇ ಅವರು. ವೃತ್ತಿಯಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್. ಅವರ ಒತ್ತಾಯದಿಂದ ಎರ್ಲಾಂಗ್ 1908ರಲ್ಲಿ ಕಂಪನಿ ಸೇರಿ ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಾದರು.

ಮುಖ್ಯಸ್ಥರೇನೋ ಆದರು, ಆದರೆ ಮೊದಮೊದಲು ಕೈಕೆಳಗೆ ಸಹಾಯಕರೇ ಇರಲಿಲ್ಲ. ನೆಲದಡಿಯ ಕೇಬಲ್ಲುಗಳಲ್ಲಿ ಅಲೆದಾಡುವ ಕಳ್ಳ ಕರೆಂಟನ್ನು ಅಳೆಯುವ ಕೆಲಸ ತಾವೇ ಮಾಡಬೇಕಿತ್ತು. ಏಣಿ ಹೊತ್ತ ಒಬ್ಬ ಕೆಲಸಗಾರನ ಜೊತೆ ಕೋಪನ್‌ಹೇಗನ್ ಬೀದಿಗಳಲ್ಲಿ ನಡೆದುಹೋಗಿ, ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ, ಒಳಗಿಳಿದು ಅಳತೆ ಮಾಡುವ ಗಣಿತದ ಎಂ.ಎ.ಯನ್ನು ಜನ ಆಗಾಗ ನೋಡುತ್ತಿದ್ದರು.

ಈ ಕಳ್ಳ ಕರೆಂಟು ಯಾಕೆ ಅಷ್ಟು ಮುಖ್ಯ? ಆ ಕಾಲದ ನಗರಗಳಲ್ಲಿ ಟ್ರಾಮ್ ಹಳಿಯಿಂದ ಸೋರಿದ ವಿದ್ಯುತ್ತು ಮಣ್ಣಿಗಿಳಿದು, ಹತ್ತಿರದ ಕೇಬಲ್ಲಿನ ಸೀಸದ ಹೊದಿಕೆಯನ್ನು ದಾರಿ ಮಾಡಿಕೊಳ್ಳುತ್ತಿತ್ತು. ಅದು ಹೊದಿಕೆ ಬಿಟ್ಟು ಹೊರಗೆ ಹೋಗುವ ಜಾಗದಲ್ಲಿ ಸೀಸ ಸವೆದು ತೂತಾಗುತ್ತದೆ. ತೂತಿನಲ್ಲಿ ನೀರು ಹೋಯ್ತೋ, ಆ ಕೇಬಲ್ಲಿನ ಲೈನುಗಳೆಲ್ಲ ಒಂದೊಂದಾಗಿ ಸತ್ತವು ಅಂತಲೇ ಲೆಕ್ಕ. ಹೊರಗೆ ಏನೂ ಕಾಣದಿದ್ದಾಗಲೇ ಒಳಗೆ ರೋಗ ಶುರುವಾಗಿರುತ್ತದೆ. ಫೋನ್ ಕೆಟ್ಟ ಮೇಲೆ ಓಡುವುದು ರಿಪೇರಿ. ಕೆಡುವ ಮೊದಲೇ ಹೋಗಿ ನೋಡುವುದು ಆರೋಗ್ಯ ತಪಾಸಣೆ.

ನೆಲದ ಮೇಲೆ ಬಂದರೆ ಇನ್ನೊಂದು ರೋಗ: ಎಂಗೇಜ್ ಟೋನ್. ಲೈನು ಕಡಿಮೆ ಹಾಕಿದರೆ ಜನ ಬಯ್ಯುತ್ತಾರೆ, ಜಾಸ್ತಿ ಹಾಕಿದರೆ ದುಡ್ಡು ದಂಡ. ಎಷ್ಟು ಹಾಕಿದರೆ ಸಾಕು? ಯಾರು ಯಾವಾಗ ಫೋನ್ ಮಾಡುತ್ತಾರೋ ಯಾರಿಗೂ ಗೊತ್ತಿಲ್ಲ. ಆದರೆ ಸಾವಿರಾರು ಜನರ ಈ ಗೊತ್ತಿಲ್ಲದಿರುವಿಕೆಗೂ ಒಂದು ನಿಯಮ ಇದೆ, ಕರೆಗಳು ಪಾಸಾನ್ ಹಂಚಿಕೆಯ ಪ್ರಕಾರ ಬರುತ್ತವೆ ಎಂದು ಎರ್ಲಾಂಗ್ 1909ರ ಪ್ರಬಂಧದಲ್ಲಿ ತೋರಿಸಿದರು. 1917ರಲ್ಲಿ ಎಲ್ಲ ಲೈನುಗಳೂ ತುಂಬಿ ಕರೆ ಬಿದ್ದುಹೋಗುವ ಸಂಭವ ಎಷ್ಟು ಎಂಬ ಸೂತ್ರ ಬಂತು. ನಾವು ಎರ್ಲಾಂಗ್ ಬಿ ಅನ್ನೋದು ಇದನ್ನೇ.

ಲೆಕ್ಕ ಹಾಕಿ ನೋಡೋಣ. ಒಂದು ಗಂಟೆಯಲ್ಲಿ 100 ಕರೆ, ಒಂದೊಂದೂ ಸರಾಸರಿ 3 ನಿಮಿಷ. ಒಟ್ಟು 300 ನಿಮಿಷ, ಅಂದರೆ 5 ಗಂಟೆ ಮಾತು. ಇದೇ 5 ಎರ್ಲಾಂಗ್. ಹಾಗಾದ್ರೆ 5 ಲೈನ್ ಸಾಕಲ್ವಾ? ಸಾಕಾಗಲ್ಲ. 100ಕ್ಕೆ ಸುಮಾರು 28 ಕರೆ ಬಿದ್ದುಹೋಗುತ್ತವೆ, ಯಾಕೆಂದರೆ ಜನ ಸರದಿ ಪ್ರಕಾರ ಫೋನ್ ಮಾಡಲ್ಲ. 11 ಲೈನ್ ಹಾಕಿದರೆ ಬೀಳುವುದು 100ಕ್ಕೆ ಒಂದಕ್ಕಿಂತ ಕಡಿಮೆ. ಇಂಥ ಎರಡು ಗುಂಪುಗಳನ್ನು ಬೇರೆ ಬೇರೆ ಇಟ್ಟರೆ 22 ಲೈನ್ ಬೇಕು. ಎರಡನ್ನೂ ಕೂಡಿಸಿ 10 ಎರ್ಲಾಂಗ್ ಮಾಡಿದರೆ 18ರಲ್ಲೇ ಅದೇ ಗುಣಮಟ್ಟ ಸಿಗುತ್ತದೆ.

ಈ 18 ಲೈನುಗಳನ್ನು ಈಗ ನಮ್ಮ ಓಕಳಿಪುರಂಗೆ ತರೋಣ. ಮೆಜೆಸ್ಟಿಕ್‌ನಿಂದ ಮಲ್ಲೇಶ್ವರ, ರಾಜಾಜಿನಗರದ ಕಡೆ ಹೋಗುವ ಹಲವು ವಾಹನಗಳು ರೈಲ್ವೆ ಹಳಿಯ ಕೆಳಗೆ ನುಗ್ಗುವ ಜಾಗ ಅದು. ಮೇಲೆ ರೈಲು, ಕೆಳಗೆ ರಸ್ತೆ. ಅಂಥ ಜಾಗದಲ್ಲಿ ಎರಡು ಕೇಬಲ್, ಒಂದೊಂದರಲ್ಲಿ 9 ಲೈನ್ ಹೋಗಿವೆ ಅಂತ ಇಟ್ಟುಕೊಳ್ಳಿ. ಒಂದು ದಿನ ಜೆಸಿಬಿ ಒಂದು ಕೇಬಲ್ ಕತ್ತರಿಸಿತು. ಅರ್ಧ ಜಾಲ ಉಳಿದಿದೆಯಲ್ಲ ಅಂತ ಸಮಾಧಾನ ಪಡೋ ಹಾಗಿಲ್ಲ. ಅದೇ 10 ಎರ್ಲಾಂಗ್ ಹೊರೆ 9 ಲೈನಿನ ಮೇಲೆ ಬಿದ್ದಾಗ 100ಕ್ಕೆ ಒಂದೂ ಬೀಳದಿದ್ದ ಕಡೆ 27 ಕರೆ ಬೀಳುತ್ತವೆ. ಲೈನ್ ಸಿಗದವರು ಮತ್ತೆ ಮತ್ತೆ ಡಯಲ್ ಮಾಡಿ ಹೊರೆ ಇನ್ನೂ ಏರಿಸುತ್ತಾರೆ. ಹೀಗೆ ಬೀಳುವ ಕರೆಗಳಲ್ಲಿ ಆಂಬುಲೆನ್ಸಿಗೆ ಮಾಡಿದ್ದೂ ಒಂದಿರಬಹುದು.

ಇವತ್ತು ನೆಟ್‌ವರ್ಕ್ ಆಪರೇಷನ್ಸ್ ಸೆಂಟರಿನಲ್ಲಿ ಮೂರು ಪಾಳಿಯಲ್ಲೂ ಪರದೆ ಮುಂದೆ ಕೂರುವವರು ನೋಡುವುದು ಇದನ್ನೇ: ಯಾವ ಕೊಂಡಿ ಕಡಿಯಿತು, ಯಾವುದರ ಹೊರೆ ಏರಿತು, ಅತಿ ಬಿಡುವಿಲ್ಲದ ಗಂಟೆಯಲ್ಲಿ ಎಷ್ಟು ಕರೆ ಬಿದ್ದವು. ಟ್ರಾಯ್ 2009ರ ನಿಯಮಗಳಲ್ಲಿ ಮೊಬೈಲ್ ಟ್ರಾಫಿಕ್ ಚಾನೆಲ್ ದಟ್ಟಣೆಗೆ ಶೇ. 2ರ ಮಿತಿ ಹಾಕಿತು. ಆರೋಗ್ಯ ಅಂದರೆ ಇಷ್ಟು, ಇದನ್ನು ದಾಟಿದರೆ ಕಾಯಿಲೆ ಅಂತ ಒಂದು ಅಂಕಿ ಹಿಡಿದು ಮಾತಾಡುವ ಅಭ್ಯಾಸದ ಬೇರು ಎರ್ಲಾಂಗ್ ಅವರಲ್ಲಿದೆ. ಸರಿಯಾಗಿರುವುದು ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಕೆಟ್ಟಿದ್ದು ಗೊತ್ತಾಗಲ್ಲ.

ಬ್ರಿಟಿಷ್ ಅಂಚೆ ಇಲಾಖೆ ಅವರ ಸೂತ್ರ ಒಪ್ಪಿಕೊಂಡಿತು. ಅವರ ಬರಹ ಓದಲೆಂದೇ ಬೆಲ್ ಪ್ರಯೋಗಾಲಯದ ಒಬ್ಬ ಸಂಶೋಧಕ ಡೇನಿಷ್ ಕಲಿತರಂತೆ. ನಮ್ಮ ಕಡೆಗೂ ಈ ಲೆಕ್ಕ ಬಂತು. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಶುರುವಾಗಿ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ತಯಾರಿಸಿತು. 1986ರಲ್ಲಿ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು ನಮ್ಮ ಕಿತ್ತೂರಿನಲ್ಲಿ ಇಟ್ಟಿತು. ಊರಿಂದ ಹೊರಗೆ ಎಷ್ಟು ಲೈನ್ ಬೇಕು ಅನ್ನುವ ಪ್ರಶ್ನೆ ಎಲ್ಲಿ ಬಂದರೂ ಉತ್ತರ ಎರ್ಲಾಂಗ್ ಲೆಕ್ಕದಲ್ಲೇ.

ಎರ್ಲಾಂಗ್ ಮದುವೆಯಾಗಲಿಲ್ಲ. ಮಾತು ಕಡಿಮೆ, ಬರಹ ಇನ್ನೂ ಕಡಿಮೆ. ಮನೆ ತುಂಬ ಪುಸ್ತಕ. ಕಷ್ಟ ಅಂತ ಬಂದವರಿಗೆ ಸದ್ದಿಲ್ಲದೆ ದುಡ್ಡು ಕೊಡುತ್ತಿದ್ದರು. ಕಂಪನಿಯಲ್ಲಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ದುಡಿದು, ಕಾಯಿಲೆ ಅಂತ ಒಂದು ದಿನವೂ ರಜೆ ಹಾಕಿರಲಿಲ್ಲ. 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದವರು ಫೆಬ್ರವರಿ 3ರಂದು ತೀರಿಕೊಂಡರು. ವಯಸ್ಸು 51. 

1946ರಲ್ಲಿ ಅಂತರರಾಷ್ಟ್ರೀಯ ಟೆಲಿಫೋನ್ ಸಮಿತಿ ಟ್ರಾಫಿಕ್ ಅಳತೆಯ ಮಾನಕ್ಕೆ ಅವರ ಹೆಸರಿಟ್ಟಿತು. 1980ರ ದಶಕದಲ್ಲಿ ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆಯ ಹೆಸರೂ ಎರ್ಲಾಂಗ್. ಒಂದು ಭಾಗ ಬಿದ್ದರೂ ಇಡೀ ವ್ಯವಸ್ಥೆ ಬೀಳಬಾರದು ಅನ್ನುವುದೇ ಅದರ ಮೂಲ ಆಸೆ. ನಿಮ್ಮ ವಾಟ್ಸಾಪ್ ಮೆಸೇಜು ಅದರ ಮೇಲೇ ಓಡಾಡುತ್ತಿದೆ.

ಕ್ಯಾಂಪಸ್ಸಿನಿಂದ ಇಂಥ ಮಾನಿಟರಿಂಗ್ ಕೆಲಸಕ್ಕೆ ಹೋಗುವವರು ನಮ್ಮಲ್ಲೂ ಇದ್ದಾರೆ. ಪರದೆ ನೋಡೋ ಕೆಲಸ ತಾನೆ ಅಂತ ಅದನ್ನು ಹಗುರವಾಗಿ ಕಾಣೋದು ಬೇಡ. ಸೂತ್ರ ಬರೆದ ಮನುಷ್ಯನೇ ಏಣಿ ಹಾಕಿಸಿ ಗುಂಡಿಗೂ ಇಳಿದಿದ್ದರು ಅನ್ನೋದು ನೆನಪಿರಲಿ.